ಮನೆಗೆ ಸೋಲಾರ್ ಹಾಕಿಸುವ ಮುಂಚೆ: ಹಾಸನ, ಚಿಕ್ಕಮಗಳೂರಿನ ಗ್ರಾಹಕರಿಗೆ ಸಮಗ್ರ ಮಾರ್ಗದರ್ಶಿ

ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಾಗಲಿ ಈಗ ಸೋಲಾರ್ ಬೋರ್ಡುಗಳಿಗೆ ಬರವಿಲ್ಲ. 'ಕರೆಂಟ್ ಬಿಲ್ ಜೀರೋ', '78,000 ಸಬ್ಸಿಡಿ', 'ಮೂರೇ ದಿನದಲ್ಲಿ ಕೆಲಸ' ಅಂತ ವಾಟ್ಸ್ಆ್ಯಪ್‌ಗೂ ಬರುತ್ತಿರುತ್ತದೆ. ಸೋಲಾರ್ ಒಳ್ಳೆಯದೇ. ಸರಿಯಾಗಿ ಹಾಕಿಸಿದರೆ ಇಪ್ಪತ್ತೈದು ವರ್ಷ ಮನೆಗೆ ದುಡಿಯುತ್ತದೆ. ಆದರೆ ಲಕ್ಷಗಟ್ಟಲೆ ಕೊಡುವ ಈ ವ್ಯವಹಾರದಲ್ಲಿ ನಾವು ಕೇಳುವ ಪ್ರಶ್ನೆಗಳು ಒಂದು ಮಿಕ್ಸಿ ಕೊಳ್ಳುವಾಗ ಕೇಳುವಷ್ಟೂ ಇರುವುದಿಲ್ಲ.

ಕಾನೂನು ಗ್ರಾಹಕರ ಪರವಾಗಿಯೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೆಟ್ಟ ಸಾಮಾನು, ಅರೆಬರೆ ಕೆಲಸ, ಸುಳ್ಳು ಜಾಹೀರಾತು ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಆದರೆ ಗ್ರಾಹಕ ಆಯೋಗದ ಮುಂದೆ ನಿಂತಾಗ ಮೊದಲು ಕೇಳುವುದು ಕಾಗದವನ್ನು. ಮಾರುವವರು ಜಗಲಿ ಮೇಲೆ ಕಾಫಿ ಕುಡಿಯುತ್ತಾ ಹೇಳಿದ ಮಾತಿಗೆ ಸಾಕ್ಷಿ ತರುವುದು ಕಷ್ಟ. ಅದಕ್ಕೇ ಈ ಬರಹದಲ್ಲಿ ದುಡ್ಡು ಕೊಡುವ ಮುಂಚಿನ ಕೆಲಸಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ಕರೆಂಟ್ ಬಿಲ್ ಕೈಗೆ ತಗೊಳ್ಳಿ

ಬಿಲ್‌ನಲ್ಲಿ ನಾಲ್ಕು ವಿಷಯ ನೋಡಬೇಕು.

ಒಂದು, ನಿಮ್ಮ ವಿದ್ಯುತ್ ಕಂಪನಿ ಯಾವುದು? ಹಾಸನ ಜಿಲ್ಲೆ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರುತ್ತದೆ. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ ಸೇರುತ್ತದೆ. ಬೇಲೂರಿನಲ್ಲಿರುವ ಅಣ್ಣನಿಗೆ ಒಂದು ಕಂಪನಿ, ಚಿಕ್ಕಮಗಳೂರಿನಲ್ಲಿರುವ ತಮ್ಮನಿಗೆ ಇನ್ನೊಂದು. ಮೀಟರ್, ಬಿಲ್‌ನ ಕೆಲಸವೆಲ್ಲ ಆಯಾ ಕಂಪನಿಯ ಉಪವಿಭಾಗದ ಕಚೇರಿಯಲ್ಲೇ ಆಗಬೇಕು.

ಎರಡು, ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ? ತೀರಿಕೊಂಡ ತಂದೆಯ ಅಥವಾ ತಾತನ ಹೆಸರಿನಲ್ಲೇ ಮೀಟರ್ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅರ್ಜಿ, ಮೀಟರ್, ಸಬ್ಸಿಡಿ ಬೀಳುವ ಬ್ಯಾಂಕ್ ಖಾತೆ ಇವುಗಳ ಹೆಸರು ಹೊಂದದಿದ್ದರೆ ಸಬ್ಸಿಡಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲು ಹೆಸರು ಬದಲಾವಣೆ ಮಾಡಿಸಿ. 'ಅದೆಲ್ಲ ಆಮೇಲೆ ನೋಡ್ಕೊಳ್ಳೋಣ' ಅಂತ ಸೋಲಾರ್ ಕಂಪನಿಯವರು ಹೇಳಿದರೆ ಒಪ್ಪಬೇಡಿ. ಆಮೇಲೆ ಓಡಾಡಬೇಕಾದವರು ನೀವು.

ಮೂರು, ಮೀಟರ್ ಮನೆ ಬಳಕೆಯದ್ದೋ ವಾಣಿಜ್ಯದ್ದೋ? ಮನೆ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿ ಮನೆ ಸಂಪರ್ಕಕ್ಕೆ ಮಾತ್ರ. ಹೋಂಸ್ಟೇ ನಡೆಸುವವರು ಇದನ್ನು ಚೆನ್ನಾಗಿ ನೋಡಿಕೊಳ್ಳಿ. ಇನ್ನೊಂದು ವಿಷಯವೂ ಇದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕ ಕಾಯ್ದೆ 'ಗ್ರಾಹಕ' ಎಂದು ಪರಿಗಣಿಸುವುದಿಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ನಡೆಸುವವರಿಗೆ ವಿನಾಯಿತಿ ಇದೆ, ಆದರೆ ಅದನ್ನು ನೀವೇ ತೋರಿಸಿಕೊಡಬೇಕಾಗುತ್ತದೆ.

ನಾಲ್ಕನೆಯದು ಗೃಹಜ್ಯೋತಿ, ಇದನ್ನು ಮಾರುವವರು ಎತ್ತುವುದೇ ಇಲ್ಲ. ರಾಜ್ಯ ಸರ್ಕಾರದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ಶೇ 10 (ತೀರಾ ಕಡಿಮೆ ಬಳಸುವವರಿಗೆ 10 ಯೂನಿಟ್) ಸೇರಿಸಿ, ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಸಿಗುತ್ತದೆ. ಈಗಾಗಲೇ ನಿಮ್ಮ ಬಿಲ್ ಸೊನ್ನೆ ಬರುತ್ತಿದ್ದರೆ, 'ಬಿಲ್ ಜೀರೋ ಮಾಡ್ತೀವಿ' ಅನ್ನುವವರಿಂದ ನಿಮಗೆ ಉಳಿಯುವುದೇನು? 'ನಾಲ್ಕು ವರ್ಷಕ್ಕೆ ಹಾಕಿದ ದುಡ್ಡು ವಾಪಸ್' ಎಂಬ ಲೆಕ್ಕ ಅಂಥ ಮನೆಗೆ ಹೊಂದುವುದೇ ಇಲ್ಲ. ತಿಂಗಳಿಗೆ 300, 400 ಯೂನಿಟ್ ಉರಿಸಿ ಪೂರ್ತಿ ಬಿಲ್ ಕಟ್ಟುವ ಮನೆಯ ಲೆಕ್ಕವೇ ಬೇರೆ. ಕಳೆದ ಹನ್ನೆರಡು ತಿಂಗಳ ಬಿಲ್ ಮುಂದಿಟ್ಟು, ನಿಮ್ಮ ಮನೆಯ ಲೆಕ್ಕವನ್ನೇ ಬರೆದು ಕೊಡಲು ಸೋಲಾರ್ ಕಂಪನಿಯವರನ್ನು ಕೇಳಿ. ಸೋಲಾರ್ ಹಾಕಿಸಿದ ಮೇಲೆ ಗೃಹಜ್ಯೋತಿ ಲೆಕ್ಕ ಹೇಗೆ ನಡೆಯುತ್ತದೆ ಎಂದು ಉಪವಿಭಾಗದ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 2: ಸೂರು, ಮರ, ಮಳೆ

ಒಂದು ಕಿಲೋವ್ಯಾಟ್ ಸಾಮರ್ಥ್ಯದ ಪ್ಯಾನೆಲ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲಿಗೆ ಈ ಲೆಕ್ಕ ಸರಿ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದು ಕೂತರೆ ಉತ್ಪಾದನೆ ಅರ್ಧಕ್ಕೂ ಇಳಿಯಬಹುದು. ಬೆಂಗಳೂರಿನಲ್ಲಿ ಛಾಪಿಸಿದ ಕರಪತ್ರದ ಅಂಕಿಯನ್ನು ಮಲೆನಾಡಿನ ಮನೆಗೆ ಹಚ್ಚಿದರೆ ಹೇಗೆ? ತಿಂಗಳುವಾರು ಅಂದಾಜು ಕೇಳಿ.

ನೆರಳಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ಅಥವಾ ಸ್ವಲ್ಪ ಉತ್ತರಕ್ಕಿರುತ್ತಾನೆ. ಆಗ ಮನೆಯ ದಕ್ಷಿಣಕ್ಕಿರುವ ಸಿಲ್ವರ್ ಓಕ್ ಸಾಲಿನ ನೆರಳು ಸೂರಿನ ಹತ್ತಿರಕ್ಕೂ ಬರುವುದಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಅದೇ ಮರಗಳ ನೆರಳು ಪ್ಯಾನೆಲ್ ಮೇಲೆ ಬೀಳುತ್ತದೆ. ಮಳೆಗಾಲ ಕಳೆದು ಚೆನ್ನಾಗಿ ಬಿಸಿಲು ಬರುವ ಕಾಲವೇ ಅದು. ಬೇಸಿಗೆಯಲ್ಲಿ ಬಂದು 'ನೆರಳೇ ಇಲ್ಲ ಬಿಡಿ' ಅನ್ನುವವರಿಗೆ ದಕ್ಷಿಣದ ಮರಗಳನ್ನು ತೋರಿಸಿ, ಡಿಸೆಂಬರ್ ನೆರಳಿನ ಲೆಕ್ಕವನ್ನು ವರದಿಯಲ್ಲಿ ಬರೆಸಿ. ಪಕ್ಕದ ತೋಟದವರ ಮರವಾದರೆ ನೀವು ಕಡಿಸಲಾರಿರಿ ಎಂಬುದೂ ನೆನಪಿರಲಿ.

ಹೆಂಚಿನ ಮನೆಗೆ ನೇರವಾಗಿ ಪ್ಯಾನೆಲ್ ಕೂರಿಸುವುದಕ್ಕೆ ಅವಸರ ಮಾಡಬೇಡಿ. ತೊಲೆ, ರೀಪು ಭಾರ ತಡೆಯುತ್ತವೋ ನೋಡಬೇಕು. ಕೊರೆದ ಜಾಗದಲ್ಲಿ ಮೊದಲ ಮಳೆಗೇ ಸೋರಿದರೆ ಹೊಣೆ ಯಾರದ್ದು ಎಂದು ಬರೆಸಬೇಕು. ಆರ್‌ಸಿಸಿ ಮನೆಯಲ್ಲೂ ವಾಟರ್‌ಪ್ರೂಫಿಂಗ್ ಸರಿ ಮಾಡಿಕೊಡುವ ಮಾತು ಕಾಗದದಲ್ಲಿರಲಿ.

ಎಲ್ಲಕ್ಕಿಂತ ಜಾಸ್ತಿ ಜನ ಮೋಸಹೋಗುವುದು ಕರೆಂಟ್ ಹೋದಾಗಿನ ವಿಷಯದಲ್ಲಿ. ಆನ್-ಗ್ರಿಡ್ ಸೋಲಾರ್ ಎಂದರೆ ಲೈನ್‌ನಲ್ಲಿ ಕರೆಂಟ್ ಇದ್ದಾಗ ಮಾತ್ರ ಕೆಲಸ ಮಾಡುವ ವ್ಯವಸ್ಥೆ. ಲೈನ್ ಹೋದ ಕೂಡಲೇ, ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ವಾ, ಅದಕ್ಕೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರದ ಊರಿನವರು ಸೋಲಾರ್ ಹಾಕಿಸುವುದೇ ಆ ಕತ್ತಲೆಗೆ ಹೆದರಿ. ಅವರಿಗೆ ಆನ್-ಗ್ರಿಡ್ ಮಾರಿ 'ಇನ್ಮೇಲೆ ಕರೆಂಟ್ ಚಿಂತೆ ಇಲ್ಲ' ಅನ್ನುವುದು ದೊಡ್ಡ ಅನ್ಯಾಯ. ನಿಮಗೆ ಬೇಕಿರುವುದು ಬ್ಯಾಟರಿ ಸಮೇತದ ಹೈಬ್ರಿಡ್ ಆಗಿರಬಹುದು. ಅದಕ್ಕೆ ಖರ್ಚು ಜಾಸ್ತಿ, ಬ್ಯಾಟರಿಗೆ ಸಬ್ಸಿಡಿಯೂ ಇಲ್ಲ. 'ಲೈನ್ ಕರೆಂಟ್ ಹೋದಾಗ ಈ ವ್ಯವಸ್ಥೆ ಕೆಲಸ ಮಾಡುತ್ತದೆ / ಮಾಡುವುದಿಲ್ಲ' ಎಂಬ ಒಂದು ವಾಕ್ಯವನ್ನು ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು.

ಹೆಜ್ಜೆ 3: ಕಂಪನಿ ನಿಜವಾಗಿಯೂ ನೋಂದಾಯಿತವೇ?

ಸಬ್ಸಿಡಿ ಬೇಕಾದರೆ ಪಿಎಂ ಸೂರ್ಯಘರ್ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿದ ವೆಂಡರ್ ಕೈಲೇ ಕೆಲಸ ಮಾಡಿಸಬೇಕು. ಪೋರ್ಟಲ್‌ಗೆ ನೀವೇ ಹೋಗಿ ನಿಮ್ಮ ಜಿಲ್ಲೆಯ ಪಟ್ಟಿ ನೋಡಿ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಅಂತ ಇರಬೇಕು. ಅದೇ ರೀತಿ ಕಾಣುವ ನಕಲಿ ಜಾಲತಾಣಗಳಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಆ್ಯಪ್ ಇಳಿಸಿಕೊಳ್ಳುವುದು, ಫೋನ್‌ನಲ್ಲಿ ಒಟಿಪಿ ಹೇಳುವುದು ಬೇಡವೇ ಬೇಡ. ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಶುಲ್ಕವಿಲ್ಲ. 'ರಿಜಿಸ್ಟ್ರೇಶನ್ ಫೀಸ್' ಅಂತ ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಹೀಗೆ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಗೆ ಬಂದವರು ಕಂಪನಿಯವರೋ, ಕಮಿಷನ್ ಏಜೆಂಟೋ ಕೇಳಿ. ಏಜೆಂಟ್ ಕೊಟ್ಟ ಮಾತಿಗೆ ಕಂಪನಿ 'ನಮಗೆ ಗೊತ್ತಿಲ್ಲ' ಅನ್ನುವುದು ಮಾಮೂಲಿ. ಹಾಗಾಗಿ ಕಾಗದದ ಮೇಲೆ ಕಂಪನಿಯ ಸೀಲು, ಸಹಿ, ಜಿಎಸ್‌ಟಿ ನಂಬರ್ ಇರಲಿ. ಎರಡು ವರ್ಷದ ಹಿಂದೆ ಅವರು ಕೆಲಸ ಮಾಡಿದ ಮನೆಗಳ ವಿಳಾಸ ಕೇಳಿ, ಹೋಗಿ ನೋಡಿ. ಹೊಸದಾಗಿ ಹಾಕಿದ್ದು ಎಲ್ಲ ಕಡೆ ಫಳಫಳ ಅಂತಲೇ ಇರುತ್ತದೆ. ಎರಡು ಮಳೆಗಾಲ ಕಂಡ ಮೇಲೆ ಸ್ಟ್ಯಾಂಡ್ ತುಕ್ಕು ಹಿಡಿದಿದೆಯಾ, ಕರೆದರೆ ಬರುತ್ತಾರಾ ಅನ್ನುವುದನ್ನು ಆ ಮನೆಯವರೇ ಹೇಳುತ್ತಾರೆ.

ಹೆಜ್ಜೆ 4: ಕೊಟೇಶನ್ ಓದುವ ಬಗೆ

ಕಡಿಮೆ ಎಂದರೂ ಮೂರು ಕಡೆ ಕೊಟೇಶನ್ ತಗೊಳ್ಳಿ. ಹೆಚ್ಚಿನವರು ಕೊಡುವುದು ಹೀಗಿರುತ್ತದೆ: '3 ಕಿಲೋವ್ಯಾಟ್ ಆನ್-ಗ್ರಿಡ್ ಸೋಲಾರ್ ಸಿಸ್ಟಂ, ಬೆಸ್ಟ್ ಕ್ವಾಲಿಟಿ, ಫಿಟ್ಟಿಂಗ್ ಸಮೇತ, 1 ಸೆಟ್.' ಕೆಳಗೆ ಒಂದು ಮೊತ್ತ. ಈ ಒಂದು ಸಾಲಿಗೆ ಸಹಿ ಹಾಕಿದರೆ ಮುಂದೆ ಅವರು ಏನು ತಂದು ಕೂರಿಸಿದರೂ ಪ್ರಶ್ನೆ ಮಾಡಲು ನಿಮ್ಮ ಕೈಲಿ ಏನೂ ಇರುವುದಿಲ್ಲ.

ಆ ಒಂದು ಸಾಲನ್ನು ಬಿಡಿಸಿ ಬರೆಸಿ. ಪ್ಯಾನೆಲ್ ಯಾವ ಕಂಪನಿಯದ್ದು, ಮಾಡೆಲ್ ನಂಬರ್ ಏನು, ಒಂದೊಂದು ಎಷ್ಟು ವ್ಯಾಟ್, ಒಟ್ಟು ಎಷ್ಟು? ಇಲ್ಲಿ ಸಣ್ಣ ಗುಣಾಕಾರ ನೀವೇ ಮಾಡಿ. 540 ವ್ಯಾಟ್‌ನ ಆರು ಪ್ಯಾನೆಲ್ ಅಂದರೆ 3,240 ವ್ಯಾಟ್. ಅದೇ ಐದು ಪ್ಯಾನೆಲ್ ಆದರೆ 2,700 ವ್ಯಾಟ್ ಮಾತ್ರ. 3 ಕಿಲೋವ್ಯಾಟ್ ಇನ್ವರ್ಟರ್ ಇಟ್ಟು, ಐದೇ ಪ್ಯಾನೆಲ್ ಹಾಕಿ '3 ಕಿಲೋವ್ಯಾಟ್ ಸಿಸ್ಟಂ' ಅನ್ನುವವರಿದ್ದಾರೆ. ಸಬ್ಸಿಡಿ ಲೆಕ್ಕಕ್ಕೆ ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯುತ್ತಾರೆ. ಹಾಗಾಗಿ ನಿಮಗೆ ಎರಡು ಕಡೆಯಿಂದಲೂ ನಷ್ಟ.

ಸಬ್ಸಿಡಿಗೆ ಭಾರತದಲ್ಲೇ ತಯಾರಾದ ಸೆಲ್‌ಗಳಿಂದ ಮಾಡಿದ ಪ್ಯಾನೆಲ್ ಕಡ್ಡಾಯ. ಇದನ್ನು ಮಾರುಕಟ್ಟೆಯಲ್ಲಿ ಡಿಸಿಆರ್ ಪ್ಯಾನೆಲ್ ಅನ್ನುತ್ತಾರೆ. ಬೇರೆ ಪ್ಯಾನೆಲ್‌ಗಿಂತ ಇದರ ಬೆಲೆ ಜಾಸ್ತಿ. ತೀರಾ ಅಗ್ಗದ ಕೊಟೇಶನ್ ಬಂದರೆ ಮೊದಲು ಕೇಳಬೇಕಾದ್ದು 'ಇದು ಡಿಸಿಆರಾ?' ಅಂತ. ಕೊಟೇಶನ್‌ನಲ್ಲಿ ಆ ಪದ ಇರಲಿ, ಸಾಮಾನು ಬಂದಾಗ ಪ್ರಮಾಣಪತ್ರವೂ ಬರಲಿ.

ಆಮೇಲೆ ಇನ್ವರ್ಟರ್‌ನ ಹೆಸರು, ಸಾಮರ್ಥ್ಯ, ವಾರಂಟಿ ವರ್ಷ. ಸ್ಟ್ಯಾಂಡಿಗೆ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ (ಕರಗಿದ ಸತುವಿನಲ್ಲಿ ಅದ್ದಿ ತೆಗೆದ) ಕಬ್ಬಿಣ ಎಂದು ಬರೆಸಿ. ಬರೀ ಬೆಳ್ಳಿ ಬಣ್ಣ ಬಳಿದ ಪೈಪು ಮಲೆನಾಡಿನ ಮಳೆಗೆ ಬಾಳುವುದಿಲ್ಲ. ಅರ್ಥಿಂಗ್ ಮೂರು ಬೇಕು: ಪ್ಯಾನೆಲ್ ಕಡೆಗೊಂದು, ಮನೆ ಕಡೆಗೊಂದು, ಸಿಡಿಲು ತಡೆಗೆ ಬೇರೆಯೇ ಒಂದು. ದುಡ್ಡು ಉಳಿಸಲು ಮೊದಲು ಕೈಬಿಡುವುದು ಇದನ್ನೇ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆ ನಮ್ಮ ಕಡೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ.

ತೆರಿಗೆಯನ್ನೂ ಬೇರೆ ತೋರಿಸಲಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಸಾಮಾನು, ಕೆಲಸ ಎರಡನ್ನೂ ಒಟ್ಟಿಗೆ ಗುತ್ತಿಗೆ ಕೊಟ್ಟಾಗ ಬೆಲೆಯ ಶೇ 70 ಸಾಮಾನಿಗೆ, ಶೇ 30 ಸೇವೆಗೆ ಎಂದು ಹಿಡಿಯುತ್ತಾರೆ. ಸೇವೆಗೆ ಶೇ 18. ಎಲ್ಲ ಸೇರಿ ಸುಮಾರು ಶೇ 8.9 ಆಗುತ್ತದೆ. ಹಳೆಯ ಲೆಕ್ಕದ ಶೇ 13.8 ಹಾಕಿದ್ದರೆ ಕೇಳಿ. 'ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀವಿ' ಎಂಬ ಮಾತಿಗೆ ಮರುಳಾಗಬೇಡಿ. ಬಿಲ್ ಇಲ್ಲದೆ ವಾರಂಟಿಗೆ ಬಲವಿಲ್ಲ. ಬಿಲ್ ಕೊಡದಿರುವುದೇ ಗ್ರಾಹಕ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಹೆಜ್ಜೆ 5: ಕರಾರು ಮತ್ತು ದುಡ್ಡು

ಗ್ರಾಹಕ ಮತ್ತು ವೆಂಡರ್ ನಡುವಿನ ಮಾದರಿ ಕರಾರು ಪತ್ರ ರಾಷ್ಟ್ರೀಯ ಪೋರ್ಟಲ್‌ನಲ್ಲೇ ಇದೆ. ಅದನ್ನೇ ಬಳಸಿ. ಯೋಜನೆಯ ಪ್ರಕಾರ ಐದು ವರ್ಷ ನಿರ್ವಹಣೆ ವೆಂಡರ್ ಹೊಣೆ. ಪ್ಯಾನೆಲ್‌ಗೆ ಸಾಮಾನ್ಯವಾಗಿ ಎರಡು ವಾರಂಟಿ ಇರುತ್ತವೆ: ಸಾಮಾನು ಕೆಟ್ಟರೆ ಹತ್ತು ಹನ್ನೆರಡು ವರ್ಷ, ಉತ್ಪಾದನೆಗೆ 25 ವರ್ಷ. '25 ವರ್ಷ ವಾರಂಟಿ' ಎಂದಾಗ ಯಾವುದಕ್ಕೆ ಎಂದು ಕೇಳಿ. ಇನ್ವರ್ಟರ್‌ಗೂ ಸೇರಿಸಿ ಹೇಳುತ್ತಿರಬಹುದು, ಅದು ಸುಳ್ಳು.

ಕರಾರಿನಲ್ಲಿ ನಾನು ಬಿಡಲೇಬಾರದು ಅನ್ನುವ ಮೂರು ಸಾಲು: ಕೆಲಸ ಮುಗಿಸುವ ತಾರೀಖು ಮತ್ತು ತಡವಾದರೆ ಪರಿಹಾರ. ದೂರು ಕೊಟ್ಟ ಎಷ್ಟು ದಿನದೊಳಗೆ ಬಂದು ನೋಡುತ್ತಾರೆ ಎಂಬುದು. ವರ್ಷಕ್ಕೆ ಕನಿಷ್ಠ ಎಷ್ಟು ಯೂನಿಟ್ ಬರುತ್ತದೆ ಎಂಬ ಭರವಸೆ.

'ವ್ಯಾಜ್ಯಗಳೆಲ್ಲ ಬೆಂಗಳೂರು ನ್ಯಾಯಾಲಯಕ್ಕೆ ಒಳಪಟ್ಟಿವೆ' ಎಂದು ಸಣ್ಣ ಅಕ್ಷರದಲ್ಲಿ ಛಾಪಿಸಿದ್ದರೆ ಗಾಬರಿ ಬೇಡ. ಕಾಯ್ದೆಯ 34ನೇ ಕಲಂ ಪ್ರಕಾರ ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಆರ್ಬಿಟ್ರೇಶನ್ (ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತೀರ್ಮಾನ) ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗುವ ಹಕ್ಕು ಉಳಿಯುತ್ತದೆ ಎಂಬುದು ಸುಪ್ರೀಂ ಕೋರ್ಟಿನ ನಿಲುವು.

ದುಡ್ಡನ್ನು ಒಮ್ಮೆಲೇ ಕೊಡಬೇಡಿ. ಬುಕಿಂಗ್‌ಗೆ ಸ್ವಲ್ಪ, ಸಾಮಾನು ಮನೆಗೆ ಬಂದು ನೀವು ನೋಡಿದ ಮೇಲೆ ದೊಡ್ಡ ಪಾಲು, ಕೂರಿಸಿದ ಮೇಲೆ ಒಂದಿಷ್ಟು, ನೆಟ್ ಮೀಟರ್ (ಲೈನಿನಿಂದ ಪಡೆದ ಮತ್ತು ಲೈನಿಗೆ ಕೊಟ್ಟ ಕರೆಂಟನ್ನು ಬೇರೆ ಬೇರೆ ಎಣಿಸುವ ಮೀಟರ್) ಬಂದು ಚಾಲೂ ಆದ ಮೇಲೆ ಕೊನೆಯ ಕಂತು. ಈ ಕೊನೆಯ ಕಂತೇ ನಿಮ್ಮ ಕೈಲಿರುವ ಹಿಡಿತ. ಎಲ್ಲವೂ ಕಂಪನಿಯ ಬ್ಯಾಂಕ್ ಖಾತೆಗೇ ಹೋಗಲಿ, ಏಜೆಂಟನ ಫೋನ್‌ಪೇಗೆ ಬೇಡ.

3 ಕಿಲೋವ್ಯಾಟ್‌ವರೆಗೆ ರಾಷ್ಟ್ರೀಕೃತ ಬ್ಯಾಂಕುಗಳು ಅಡಮಾನವಿಲ್ಲದೆ ಸಾಲ ಕೊಡುತ್ತವೆ. ಬ್ಯಾಂಕ್ ಹಣವನ್ನು ನೇರ ವೆಂಡರ್‌ಗೆ ಹಾಕುತ್ತದೆ. ಪೂರ್ತಿ ಒಮ್ಮೆಲೇ ಹಾಕದೆ, ನೀವು ಒಪ್ಪಿಗೆ ಕೊಟ್ಟ ಮೇಲೆ ಕಂತಿನಲ್ಲಿ ಬಿಡುಗಡೆ ಮಾಡುವಂತೆ ಮ್ಯಾನೇಜರ್‌ಗೆ ಪತ್ರ ಕೊಡಿ. ವೆಂಡರ್ ತಾನೇ ಫೈನಾನ್ಸ್ ಮಾಡಿಸಿಕೊಡುತ್ತೇನೆ ಅಂದರೆ, ಸಾಲದ ಒಟ್ಟು ಖರ್ಚನ್ನು ತೋರಿಸುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಅದನ್ನು ಕೊಡುವುದು ಸಾಲ ಕೊಡುವವರಿಗೆ ಕಡ್ಡಾಯ.

ಹೆಜ್ಜೆ 6: ಸಾಮಾನು ಬಂದ ದಿನ

ಪ್ಯಾನೆಲ್ ಮೇಲೇರುವ ಮುಂಚೆ ನೆಲದ ಮೇಲಿರುವಾಗಲೇ ತಿರುಗಿಸಿ ನೋಡಿ. ಹಿಂಬದಿಯ ಸ್ಟಿಕರ್‌ನಲ್ಲಿ ಕಂಪನಿ, ಮಾಡೆಲ್, ವ್ಯಾಟ್, ಸೀರಿಯಲ್ ನಂಬರ್ ಇರುತ್ತದೆ. ಪ್ರತಿಯೊಂದರ ಫೋಟೋ ತೆಗೆಯಿರಿ. ಒಮ್ಮೆ ಸೂರಿಗೆ ಬಿಗಿದ ಮೇಲೆ ಆ ಸ್ಟಿಕರ್ ನೋಡಲು ಮಲಗಿಕೊಂಡು ನುಸುಳಬೇಕು. ಸೀರಿಯಲ್ ನಂಬರ್‌ಗಳು ಬಿಲ್‌ನಲ್ಲೂ ಬರಬೇಕು. ಅರ್ಥಿಂಗ್ ಗುಂಡಿಗಳನ್ನು ಮುಚ್ಚುವ ಮುಂಚೆ ಅವುಗಳದ್ದೂ ಫೋಟೋ ಇರಲಿ.

ಇನ್ವರ್ಟರ್‌ನ ಮೊಬೈಲ್ ಆ್ಯಪ್ ಖಾತೆಯನ್ನು ನಿಮ್ಮ ನಂಬರಿಗೇ ಮಾಡಿಸಿ. ದಿನದಿನದ ಯೂನಿಟ್ ಅಲ್ಲಿ ದಾಖಲಾಗುತ್ತದೆ. ನಾಳೆ 'ಹೇಳಿದಷ್ಟು ಬರುತ್ತಿಲ್ಲ' ಎಂದು ದೂರು ಕೊಟ್ಟರೆ ನಿಮ್ಮ ಸಾಕ್ಷಿ ಅದೇ. ಪಾಸ್‌ವರ್ಡ್ ವೆಂಡರ್ ಬಳಿ ಮಾತ್ರ ಇದ್ದರೆ ಆ ಸಾಕ್ಷಿಯೂ ಅವರ ಕೈಯಲ್ಲೇ.

ಹೆಜ್ಜೆ 7: ನೆಟ್ ಮೀಟರ್, ಆಮೇಲೆ ಸಬ್ಸಿಡಿ

2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರುವರಿಯಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಕೆಲಸ ಮುಗಿದ ಪ್ರಮಾಣಪತ್ರ ಕೊಟ್ಟ 15 ದಿನದೊಳಗೆ ವಿದ್ಯುತ್ ಕಂಪನಿ ಮೀಟರ್ ಹಾಕಿ ಚಾಲೂ ಮಾಡಬೇಕು. ವೆಂಡರ್ 'ಆಫೀಸಿನವರು ತಡ ಮಾಡ್ತಿದಾರೆ' ಎಂದರೆ ಆ ಪ್ರಮಾಣಪತ್ರ ಕೊಟ್ಟ ಸ್ವೀಕೃತಿ ತೋರಿಸಲು ಹೇಳಿ. ಎಷ್ಟೋ ಸಲ ಕಾಗದ ವೆಂಡರ್ ಕಚೇರಿಯಿಂದ ಹೊರಗೇ ಬಂದಿರುವುದಿಲ್ಲ.

ನೆಟ್ ಮೀಟರ್ ಬರುವ ಮುಂಚೆ 'ಸುಮ್ನೆ ಆನ್ ಮಾಡ್ಕೊಳ್ಳಿ' ಅಂದರೆ ಮಾಡಬೇಡಿ. ಹಳೆಯ ಮೀಟರ್‌ಗಳಲ್ಲಿ ಹಲವು, ನೀವು ಲೈನಿಗೆ ಕೊಟ್ಟ ಕರೆಂಟನ್ನೂ ನೀವು ಬಳಸಿದ್ದೆಂದೇ ಎಣಿಸುತ್ತವೆ. ಬಿಲ್ ಕಡಿಮೆಯಾಗುವ ಬದಲು ಏರುತ್ತದೆ, ನಿಯಮವನ್ನೂ ಮುರಿದಂತಾಗುತ್ತದೆ.

ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಜಾಸ್ತಿಗೆ 78,000 ರೂಪಾಯಿ. 5 ಕಿಲೋವ್ಯಾಟ್ ಹಾಕಿದರೂ 78,000 ದಾಟುವುದಿಲ್ಲ. ಚಾಲೂ ಆದ ವರದಿ ಪೋರ್ಟಲ್‌ಗೆ ಏರಿದ ಮೇಲೆ ಬ್ಯಾಂಕ್ ವಿವರ, ರದ್ದು ಮಾಡಿದ ಚೆಕ್ ಹಾಕಬೇಕು. ಹಣ ನಿಮ್ಮ ಖಾತೆಗೇ ಬರುತ್ತದೆ, ವೆಂಡರ್‌ಗೆ ಅಲ್ಲ. ಸಬ್ಸಿಡಿಗೆಂದು ಸಹಿ ಮಾಡಿದ ಖಾಲಿ ಚೆಕ್ ಕೇಳಿದರೆ ಕೊಡಬೇಡಿ. ಪೋರ್ಟಲ್‌ನ ಲಾಗಿನ್ ಕೂಡ ನಿಮ್ಮ ಫೋನ್ ನಂಬರಿನದ್ದೇ ಆಗಿರಲಿ.

ಹೆಜ್ಜೆ 8: ಕೆಟ್ಟರೆ, ಕೈಕೊಟ್ಟರೆ

ಫೋನಿನಲ್ಲಿ ಜಗಳ ಆಡುವುದನ್ನು ಬಿಟ್ಟು ಮೊದಲು ಬರೆಯಿರಿ. ಕರಾರಿನ ತಾರೀಖು, ಕೊಟ್ಟ ಹಣ, ತೊಂದರೆ ಏನು, ಏನಾಗಬೇಕು, ಎಷ್ಟು ದಿನದೊಳಗೆ ಎಂದು ಒಂದು ಪುಟದ ಪತ್ರ. ಇ-ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ವಾಟ್ಸ್ಆ್ಯಪ್ ಮಾತುಕತೆ ಅಳಿಸಬೇಡಿ.

ಜೊತೆಗೇ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಯೋಜನೆಯ ಸಹಾಯವಾಣಿ 15555. ಮೀಟರ್, ಬಿಲ್, ವಿದ್ಯುತ್ ಕಂಪನಿಯ ವಿಳಂಬ ಇವಕ್ಕೆ 1912, ಮತ್ತು ಉಪವಿಭಾಗದ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಅವರಿಗೆ ಪತ್ರ. ಅಲ್ಲಿ ಆಗದಿದ್ದರೆ ವಿದ್ಯುತ್ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ವೆಂಡರ್ ಮೇಲಿನ ದೂರನ್ನು ಇಲ್ಲಿಗೆ ತಂದರೆ ಕಾಲ ವ್ಯರ್ಥ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎಷ್ಟೋ ಕಂಪನಿಗಳು ಅಲ್ಲಿಂದ ಕರೆ ಹೋದ ಕೂಡಲೇ ದಾರಿಗೆ ಬರುತ್ತವೆ.

ಬರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ನೀವು ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಅಲ್ಲೇ ಕೇಸು ನಡೆಯುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ಅಂದರೆ ಹೆಚ್ಚುಕಮ್ಮಿ ಎಲ್ಲ ಮನೆ ಸೋಲಾರ್‌ಗೂ ಪುಕ್ಕಟೆ. ವಕೀಲರು ಬೇಕೇ ಬೇಕು ಅಂತಿಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ದೂರು, ಅಫಿಡವಿಟ್, ಕೊಟೇಶನ್, ಕರಾರು, ಬಿಲ್, ಹಣ ಕೊಟ್ಟ ದಾಖಲೆ, ಫೋಟೋ, ಆ್ಯಪ್‌ನ ಯೂನಿಟ್ ಲೆಕ್ಕ, ನೀವು ಕಳಿಸಿದ ಪತ್ರ ಇವಿಷ್ಟು ಜೋಡಿಸಿ. ಪ್ಯಾನೆಲ್ ಅಥವಾ ಇನ್ವರ್ಟರ್‌ನಲ್ಲೇ ದೋಷವಿದ್ದರೆ ವೆಂಡರ್ ಜೊತೆ ತಯಾರಕ ಕಂಪನಿಯನ್ನೂ ಎದುರುದಾರರಾಗಿ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾ ಕೂರುತ್ತಾರೆ.

ರಿಪೇರಿ, ಬದಲಿ ಸಾಮಾನು, ಹಣ ವಾಪಸ್, ನಷ್ಟ ಪರಿಹಾರ, ಕೇಸಿನ ಖರ್ಚು ಇವನ್ನೆಲ್ಲ ಕೇಳಬಹುದು. ಬೇಕಾದ್ದನ್ನು ದೂರಿನಲ್ಲೇ ಮೊತ್ತದ ಸಮೇತ ಬರೆಯಿರಿ. ಸಾಮಾನಿನ ಪರೀಕ್ಷೆ ಬೇಕಿಲ್ಲದ ಕೇಸನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ವಾಸ್ತವದಲ್ಲಿ ಅದಕ್ಕಿಂತ ಜಾಸ್ತಿಯೇ ಹಿಡಿಯುತ್ತದೆ ಎಂದು ತಿಳಿದೇ ಹೊರಡಿ.

ತೊಂದರೆ ಶುರುವಾದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಬೇಕು. 'ಮುಂದಿನ ವಾರ ಬರ್ತೀವಿ ಸಾರ್' ಎಂದು ಎರಡು ಮಳೆಗಾಲ ಕಳೆಯುವವರಿದ್ದಾರೆ. ಆ ಮಾತು ಕೇಳುತ್ತಾ ಕೂತರೆ ಅವಧಿ ಮೀರಿ ಹೋಗುತ್ತದೆ. ಜಿಲ್ಲಾ ಆಯೋಗದ ಆದೇಶ ಸರಿ ಅನ್ನಿಸದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಇನ್ನು ಅಡ್ವಾನ್ಸ್ ತಗೊಂಡು ಅಂಗಡಿ ಬಾಗಿಲು ಹಾಕಿ ಪರಾರಿಯಾದವರ ವಿಷಯದಲ್ಲಿ ಆಯೋಗಕ್ಕಾಗಿ ಕಾಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂನಲ್ಲಿ ಅದು ವಂಚನೆ. ಅದೇ ದಿನ ಠಾಣೆಗೆ ಹೋಗಿ ದೂರು ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಅದೇ ಕಂಪನಿಗೆ ದುಡ್ಡು ಕೊಟ್ಟ ಬೇರೆ ಮನೆಯವರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.